ಎಡಿಟ್ ಮಾಡಿದ ಎಚ್‌ಡಿ ವಿಡಿಯೋನ ವಾಪಸ್ ಕ್ಯಾಮ್‌ಕಾರ್ಡರ್‌ಗೇ ಹಾಕಿ ನೋಡೋದು ಹೆಂಗೆ

ಮೊದ್ಲೇ ಹೇಳಿಬಿಡ್ತೀನಿ, ಇದು ಎಲ್ಲರಿಗೂ ಬೇಕಾಗೋ ವಿಷ್ಯ ಅಲ್ಲ. ಶೂಟ್ ಮಾಡಿ, ಕಂಪ್ಯೂಟರಿಗೆ ಇಳಿಸ್ಕಂಡು, ಬೇಡದ್ದು ಕಟ್ ಮಾಡಿ, ಯೂಟ್ಯೂಬಿಗೋ ಪೆನ್‌ಡ್ರೈವಿಗೋ ಹಾಕೋರಿಗೆ ಕೆಲಸ ಅಲ್ಲಿಗೇ ಮುಗೀತದೆ. ಆದ್ರೆ ಎಡಿಟ್ ಆದ ವಿಡಿಯೋನ ಅದೇ ಹ್ಯಾಂಡಿಕ್ಯಾಮಿನ ಕಾರ್ಡಿಗೆ ತಿರುಗಿ ಹಾಕಿ, ಕ್ಯಾಮಿಂದ ನೇರ ಎಚ್‌ಡಿಎಂಐ ವಯರ್ ಎಳೆದು ಟಿವಿಲಿ ತೋರಿಸ್ಬೇಕು ಅನ್ನೋ ನನ್ನಂತ ಕೆಲವರು ಇದೀವಿ, ಅವರಿಗೋಸ್ಕರ ಇದು.

ಯಾಕೆ ಬೇಕು ಅಂತ ಕೇಳೋರಿಗೆ ನನ್ನ ಕಾರಣ ಹೇಳ್ತೀನಿ. ನಾನು ದೀಪಾವಳಿ ಟೈಮಲ್ಲಿ ತೀರ್ಥಹಳ್ಳಿ ಹೊಸನಗರ ಕಡೆ ಅಂಟಿಗೆ ಪಂಟಿಗೆ ಶೂಟ್ ಮಾಡ್ತೀನಿ. ಗೊತ್ತಿಲ್ಲದವರಿಗೆ: ಬಲಿಪಾಡ್ಯಮಿ ರಾತ್ರಿ ದೀಪ ಹಿಡ್ಕಂಡು ಒಂದು ತಂಡ ಮನೆ ಮನೆಗೆ ಹಾಡ್ತಾ ಹೋಗ್ತದೆ, ಮನೆಯವರು ದೀಪಕ್ಕೆ ಎಣ್ಣೆ ಎರೀತಾರೆ, ಅಕ್ಕಿ ದುಡ್ಡು ಕೊಡ್ತಾರೆ, ಇಡೀ ರಾತ್ರಿ ತೋಟ ಗದ್ದೆ ದಾಟ್ಕಂಡು ನಡಿಯೋದೇ. ಹಾಡಿದವರಿಗೆ ಅವರ ಹಾಡು ತೋರಿಸ್ಬೇಕು ಅಂತ ನನಗೆ ಆಸೆ, ಅವರಿಗೂ ನೋಡೋ ಆಸೆ. ಲಿಂಕ್ ಕಳ್ಸಿದ್ರೆ ಆಯ್ತಲ್ಲ ಅಂದ್ರೆ, ಆ ಮನೆಗಳಲ್ಲಿ ನೆಟ್‌ವರ್ಕ್ ಬೇಕು ಅಂದ್ರೆ ಗುಡ್ಡ ಹತ್ತಬೇಕು. ಪೆನ್‌ಡ್ರೈವ್ ಅಂದ್ರೆ ಒಂದು ಮನೆ ಟಿವಿಲಿ ಯುಎಸ್‌ಬಿ ಫೋಟೋಗೆ ಮಾತ್ರ, ಇನ್ನೊಂದರಲ್ಲಿ ಚಿತ್ರ ಬತ್ತದೆ ಸೌಂಡ್ ಬರಲ್ಲ, ಮತ್ತೊಂದರಲ್ಲಿ ಫೈಲೇ ಕಾಣಲ್ಲ. ಲ್ಯಾಪ್‌ಟಾಪ್ ಹೊತ್ಕಂಡು ಹೋಗ್ಬಹುದು, ಆದ್ರೆ ಶೂಟಿಂಗಿಗೆ ಅಂತ ಕ್ಯಾಮ್ ಹೆಂಗಿದ್ರೂ ಬ್ಯಾಗಲ್ಲಿ ಇರ್ತದೆ, ಬ್ಯಾಟರಿನೂ ಇರ್ತದೆ, ಕರೆಂಟ್ ಹೋದ್ರೆ ಅದರ ಚಿಕ್ಕ ಸ್ಕ್ರೀನಲ್ಲೇ ನಾಕು ಜನ ತಲೆ ಕೊಟ್ಟು ನೋಡ್ತಾರೆ. ಎಚ್‌ಡಿಎಂಐ ಇರೋ ಯಾವ ಟಿವಿ ಆದ್ರೂ ಕ್ಯಾಮ್ ಕಳ್ಸೋ ಸಿಗ್ನಲ್ ತಗಳ್ತದೆ, ಅಲ್ಲಿ ಫೈಲ್ ಫಾರ್ಮ್ಯಾಟ್ ಜಗಳ ಇಲ್ಲ, ಯಾಕಂದ್ರೆ ಫೈಲ್ ಬಿಚ್ಚೋ ಕೆಲಸ ಕ್ಯಾಮಿಂದು.

ಕಷ್ಟ ಇರೋದೂ ಅಲ್ಲೇ. ಕ್ಯಾಮ್‌ಕಾರ್ಡರ್ ಅಂದ್ರೆ ಮೀಡಿಯಾ ಪ್ಲೇಯರ್ ಅಲ್ಲ ಮಾರಾಯ್ರೆ. ಅದರೊಳಗಿನ ಚಿಪ್ ಮಾಡಿರೋದು ತಾನೇ ರೆಕಾರ್ಡ್ ಮಾಡಿದ್ದನ್ನ ತಿರುಗಿ ತೋರ್ಸೋಕೆ. ವಿಎಲ್‌ಸಿ ತರ ಸಿಕ್ಕಿದ್ದೆಲ್ಲ ತಿನ್ನೋ ಬುದ್ಧಿ ಅದಕ್ಕಿಲ್ಲ. ಮ್ಯಾನ್ಯುಯಲ್ ಹಿಂದಿನ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಬರ್ದಿರ್ತಾರೆ, ಕಂಪ್ಯೂಟರಲ್ಲಿ ಎಡಿಟ್ ಮಾಡಿದ್ದು, ಬೇರೆ ಕ್ಯಾಮಲ್ಲಿ ತೆಗ್ದಿದ್ದು ಪ್ಲೇ ಆಗದೆ ಇರಬಹುದು ಅಂತ. ಹಂಗಾಗಿ ನಾವು ಮಾಡ್ಬೇಕಾದ್ದು ಒಂದೇ, ಎಡಿಟ್ ಮಾಡಿದ ಫೈಲನ್ನ 'ಇದು ನಾನೇ ತೆಗ್ದಿದ್ದು' ಅಂತ ಕ್ಯಾಮ್ ನಂಬೋ ತರ ತಯಾರು ಮಾಡೋದು. ಈ ಪೋಸ್ಟಲ್ಲಿ ಮುಂದೆ ಇರೋದೆಲ್ಲ ಅದೇ.

ನಾನಿಲ್ಲಿ ಮುಖ್ಯವಾಗಿ ಎವಿಸಿಎಚ್‌ಡಿ ಬಗ್ಗೆ ಹೇಳ್ತಿರೋದು, ಯಾಕಂದ್ರೆ ಕಾರ್ಡು, ಹಾರ್ಡ್‌ಡಿಸ್ಕ್ ಇರೋ ಎಚ್‌ಡಿ ಕ್ಯಾಮ್‌ಗಳು ನಮ್ಮ ಕಡೆ ಮನೆಗಳಲ್ಲಿ ಇರೋದು ಹೆಚ್ಚಾಗಿ ಅದೇ. 2006ರಲ್ಲಿ ಸೋನಿ ಮತ್ತೆ ಪ್ಯಾನಾಸೋನಿಕ್ ಸೇರಿ ತಂದ ಫಾರ್ಮ್ಯಾಟ್ ಅದು. ವಿಡಿಯೋ ಎಚ್.264, ಸೌಂಡ್ ಡಾಲ್ಬಿ ಡಿಜಿಟಲ್ ಅಂದ್ರೆ ಎಸಿ-3, ಎರಡನ್ನೂ ಎಂಪೆಗ್ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಅನ್ನೋ ಡಬ್ಬಿ ಒಳಗೆ ಸುತ್ತಿ, ಬ್ಲೂ-ರೇ ಡಿಸ್ಕಿನ ಫೋಲ್ಡರ್ ಪದ್ಧತಿನೇ ಸ್ವಲ್ಪ ಸಣ್ಣ ಮಾಡಿ ಇಟ್ಕಂಡಿದ್ದು. ಮೊದಲ ವರ್ಷನ್‌ಲಿ ಬಿಟ್‌ರೇಟ್ ಮಿತಿ ಸೆಕೆಂಡಿಗೆ 24 ಮೆಗಾಬಿಟ್. 2011ರಲ್ಲಿ ಬಂದ 2.0 ವರ್ಷನ್‌ಲಿ 1080 50ಪಿ (ಸೆಕೆಂಡಿಗೆ 50 ಪೂರ್ತಿ ಫ್ರೇಮ್) ಸೇರ್ತು, ಮಿತಿ 28ಕ್ಕೆ ಹೋಯ್ತು.

ಕಾರ್ಡನ್ನ ಕಂಪ್ಯೂಟರಿಗೆ ಹಾಕಿ ನೋಡಿ. ಪ್ರೈವೇಟ್ ಅಂತ ಫೋಲ್ಡರ್, ಅದರೊಳಗೆ ಎವಿಸಿಎಚ್‌ಡಿ, ಅದರೊಳಗೆ ಬಿಡಿಎಂವಿ, ಅದರೊಳಗೆ ಸ್ಟ್ರೀಮ್, ಪ್ಲೇಲಿಸ್ಟ್, ಕ್ಲಿಪ್‌ಇನ್ಫ್ ಅಂತ ಮೂರು. (ಮ್ಯಾಕಲ್ಲಿ ಇದೆಲ್ಲ ಒಂದೇ ಫೈಲ್ ತರ ಕಾಣ್ತದೆ, ರೈಟ್ ಕ್ಲಿಕ್ ಮಾಡಿ ಶೋ ಪ್ಯಾಕೇಜ್ ಕಂಟೆಂಟ್ಸ್ ಅಂದ್ರೆ ಬಿಚ್ಕಳ್ತದೆ.) ವಿಡಿಯೋ ಇರೋದು ಸ್ಟ್ರೀಮ್ ಒಳಗೆ, 00000, 00001 ಅಂತ ನಂಬರ್ ಹೆಸರಿನ ಎಂಟಿಎಸ್ ಫೈಲ್‌ಗಳು. ಎಲ್ಲರೂ ಮೊದ್ಲು ಮಾಡೋ ಪ್ರಯತ್ನ ಅಂದ್ರೆ ಎಡಿಟ್ ಮಾಡಿದ ಫೈಲಿಗೆ ಎಂಟಿಎಸ್ ಅಂತ ಹೆಸರು ಕೊಟ್ಟು ಸ್ಟ್ರೀಮ್ ಒಳಗೆ ಪೇಸ್ಟ್ ಮಾಡೋದು. ಕ್ಯಾಮ್ ಆನ್ ಮಾಡಿದ್ರೆ ಏನೂ ಕಾಣಲ್ಲ. ಯಾಕಂದ್ರೆ ಕ್ಯಾಮ್ ಸ್ಟ್ರೀಮ್ ಫೋಲ್ಡರನ್ನ ನೋಡೋದೇ ಇಲ್ಲ, ಅದು ನೋಡೋದು ಇಂಡೆಕ್ಸ್ ಫೈಲು, ಪ್ಲೇಲಿಸ್ಟು, ಮತ್ತೆ ಪ್ರತಿ ಕ್ಲಿಪ್ಪಿಗೂ ಇರೋ ಸಿಪಿಐ ಅನ್ನೋ ಮಾಹಿತಿ ಫೈಲು. ಬಗರ್‌ಹುಕುಂ ಜಮೀನಿನ ಕಥೆ ಇದು, ಉಳುಮೆ ಮಾಡ್ತಿರ್ತೀರಿ, ಬೆಳೆನೂ ಇರ್ತದೆ, ಆದ್ರೆ ಪಹಣಿಲಿ ಹೆಸರಿಲ್ಲ ಅಂದ್ಮೇಲೆ ತಾಲ್ಲೂಕು ಆಫೀಸಿನ ಪಾಲಿಗೆ ನೀವು ಅಲ್ಲಿಲ್ಲ.

ಇಷ್ಟೇ ಆಗಿದ್ರೆ ಪರ್ವಾಗಿರ್ಲಿಲ್ಲ. ಒಂದೊಂದು ಕಂಪನಿ ತನ್ನದೇ ಇನ್ನೊಂದು ಪಟ್ಟಿನೂ ಇಟ್ಕಂಡಿರ್ತದೆ. ಸೋನಿ ಹ್ಯಾಂಡಿಕ್ಯಾಮ್ ಕಾರ್ಡಲ್ಲಿ ಎವಿಎಫ್ ಇನ್ಫೋ ಅಂತ ಬೇರೆ ಫೋಲ್ಡರ್ ಕಾಣ್ತದಲ್ಲ, ಅದೇ ಅವರ ಇಮೇಜ್ ಡೇಟಾಬೇಸ್. ಎವಿಸಿಎಚ್‌ಡಿ ಒಳಗೇ ಥಂಬ್‌ನೇಲ್‌ಗೆ ಅಂತ ಎವಿಸಿಎಚ್‌ಡಿಟಿಎನ್ ಅನ್ನೋ ಫೋಲ್ಡರ್ ಇರ್ತದೆ. ಬ್ಲೂ-ರೇ ಪ್ಲೇಯರಲ್ಲಿ ಚಂದ ಓಡೋ ಎವಿಸಿಎಚ್‌ಡಿ ಕಾರ್ಡು ಕ್ಯಾಮಲ್ಲಿ 'ನೋ ಪಿಕ್ಚರ್' ಅಂತ ತೋರ್ಸೋಕೆ ಇದೇ ಕಾರಣ, ಪ್ಲೇಯರಿಗೆ ಬ್ಲೂ-ರೇ ಪಟ್ಟಿ ಸಾಕು, ಕ್ಯಾಮಿಗೆ ಅದರ ಸ್ವಂತ ಪಟ್ಟಿನೂ ಬೇಕು.

ಹಂಗಾದ್ರೆ ಈ ಪಟ್ಟಿಗಳನ್ನ ಬರಿಯೋರು ಯಾರು? ನನ್ನ ಪ್ರಕಾರ ನಂಬಿಕಸ್ತ ದಾರಿ ಅಂದ್ರೆ ಕ್ಯಾಮ್ ಜೊತೆ ಬಂದ ಸಿಡಿಲಿ ಇದ್ದ ಸಾಫ್ಟ್‌ವೇರ್. ಅದನ್ನ ಯಾರೂ ಇನ್‌ಸ್ಟಾಲ್ ಮಾಡಲ್ಲ, ಬಾಕ್ಸಲ್ಲೇ ಬಿಟ್ಟಿರ್ತಾರೆ. ಪ್ಯಾನಾಸೋನಿಕ್‌ಗೆ ಎಚ್‌ಡಿ ರೈಟರ್, ಸೋನಿಗೆ ಪಿಕ್ಚರ್ ಮೋಶನ್ ಬ್ರೌಸರ್ ಅಂತಿತ್ತು ಆಮೇಲೆ ಪ್ಲೇಮೆಮೊರೀಸ್ ಹೋಮ್ ಆಯ್ತು, ಕ್ಯಾನನ್ ಜೊತೆ ಪಿಕ್ಸೆಲಾ ಕಂಪನಿಯ ಸಾಫ್ಟ್‌ವೇರ್ ಬರ್ತಿತ್ತು. ಎಡಿಟಿಂಗಿಗೆ ಇವು ಸಪ್ಪೆ, ನಿಜ. ಆದ್ರೆ ಪಿಸಿಯಿಂದ ಕಾರ್ಡಿಗೆ ತಿರುಗಿ ಬರಿಯೋ ಆಪ್ಷನ್ ಇರೋ ವರ್ಷನ್ ಸಿಕ್ರೆ ಬಂಗಾರ, ಯಾಕಂದ್ರೆ ಪಟ್ಟಿ, ಥಂಬ್‌ನೇಲ್, ನಂಬರ್ ಎಲ್ಲ ಕ್ಯಾಮಿಗೆ ಬೇಕಾದ ಹಂಗೇ ಬರೀತವೆ. ಹಂಗಾಗಿ ನಾನು ಎಡಿಟಿಂಗ್ ಬೇರೆ ಕಡೆ ಮಾಡಿ, ಫೈನಲ್ ಫೈಲನ್ನ ಕಂಪನಿ ಸಾಫ್ಟ್‌ವೇರಿಗೆ ಇಂಪೋರ್ಟ್ ಮಾಡಿ, ಅಲ್ಲಿಂದ ಕಾರ್ಡಿಗೆ ಬರೆಸ್ತೀನಿ. ಇಂಪೋರ್ಟ್ ಆಗಲ್ಲ ಅಂತ ಹಠ ಹಿಡಿದ್ರೆ ಅದೂ ಒಂದು ಪರೀಕ್ಷೆನೇ, ಫೈಲಿನ ಹೊಟ್ಟೆಲಿ ಎಂತದೋ ಸರಿ ಇಲ್ಲ ಅಂತ ಅಲ್ಲೇ ಗೊತ್ತಾಗ್ತದೆ, ಕ್ಯಾಮ್ ತನಕ ಹೋಗೋದೇ ಬೇಡ.

ಸಿಡಿ ಕಳ್ದೋಗಿದೆ, ಇಲ್ಲ ಹೊಸ ವಿಂಡೋಸಲ್ಲಿ ಓಡಲ್ಲ ಅನ್ನೋರಿಗೆ ಟಿಎಸ್‌ಮಕ್ಸರ್ ಅಂತ ಫ್ರೀ ಟೂಲ್ ಇದೆ. ವಿಡಿಯೋ ಆಡಿಯೋ ಫೈಲ್ ಕೊಟ್ಟು ಎವಿಸಿಎಚ್‌ಡಿ ಡಿಸ್ಕ್ ಅಂತ ಆರ್ಸಿದ್ರೆ ಬಿಡಿಎಂವಿ ಫೋಲ್ಡರ್ ಪೂರ್ತಿ ಮಾಡಿ ಕೊಡ್ತದೆ. ಆದ್ರೆ ಅದು ಇಡೋ ಹೆಸರುಗಳು ಡಿಸ್ಕಿನ ಪದ್ಧತಿವು, ಎಕ್ಸ್‌ಟೆನ್ಶನ್ ಉದ್ದ ಇರ್ತವೆ. ಕಾರ್ಡಲ್ಲಿ ಹಳೇ ಡಾಸ್ ಕಾಲದ ನಿಯಮ, ಹೆಸರು ಎಂಟಕ್ಷರ, ಎಕ್ಸ್‌ಟೆನ್ಶನ್ ಮೂರೇ ಅಕ್ಷರ. ಎಂ2ಟಿಎಸ್ ಇದ್ದಿದ್ದು ಎಂಟಿಎಸ್ ಆಗ್ಬೇಕು, ಎಂಪಿಎಲ್‌ಎಸ್ ಇದ್ದಿದ್ದು ಎಂಪಿಎಲ್, ಸಿಎಲ್‌ಪಿಐ ಇದ್ದಿದ್ದು ಸಿಪಿಐ, ಬಿಡಿಎಂವಿ ಎಕ್ಸ್‌ಟೆನ್ಶನ್ ಇರೋ ಎರಡು ಫೈಲ್ ಬಿಡಿಎಂ. ಹೆಸರು ಬದಲಾಯ್ಸಿ ಪ್ರೈವೇಟ್ ಒಳಗೆ ಎವಿಸಿಎಚ್‌ಡಿ ಒಳಗೆ ಇಟ್ಟು ಕಾರ್ಡ್ ಹಾಕಿದ್ರೆ ಕೆಲವು ಕ್ಯಾಮ್ ಡೇಟಾಬೇಸ್ ಹೊಂದ್ತಿಲ್ಲ, ರಿಪೇರ್ ಮಾಡ್ಲಾ ಅಂತ ಕೇಳ್ತವೆ. ಹೂಂ ಅಂದು ನೋಡ್ಬಹುದು, ಆದ್ರೆ ಖಾಲಿ ಕಾರ್ಡಿನ ಮೇಲೆ ಮಾತ್ರ. ಬ್ಯಾಕಪ್ ಆಗದ ಶೂಟಿಂಗ್ ಇರೋ ಕಾರ್ಡಿನ ಮೇಲೆ ಈ ಪ್ರಯೋಗ ಮಾಡ್ಬೇಡಿ, ಮದುವೆ ಮನೆಯವರ ಕೈಲಿ ಬೈಸ್ಕಳ್ಬೇಡಿ.

ಇನ್ನು ಫೈಲಿನ ಹೊಟ್ಟೆ ಒಳಗಿನ ವಿಷ್ಯ. ಪಟ್ಟಿ ಸರಿ ಇದ್ದೂ ಪ್ಲೇ ಒತ್ತಿದ್ರೆ ಕಪ್ಪು ಸ್ಕ್ರೀನ್, ಇಲ್ಲ ಮೊದಲ ಸೆಕೆಂಡಲ್ಲೇ ನಿಲ್ಲೋದು, ಇದಕ್ಕೆಲ್ಲ ಕಾರಣ ಎಕ್ಸ್‌ಪೋರ್ಟ್ ಸೆಟ್ಟಿಂಗು. ನೆಟ್ಟಲ್ಲಿ ಸಿಗೋ 'ಬೆಸ್ಟ್ ಎಕ್ಸ್‌ಪೋರ್ಟ್ ಸೆಟ್ಟಿಂಗ್ಸ್' ಎಲ್ಲ ಯೂಟ್ಯೂಬಿಗೆ ಮಾಡಿದ್ದು, ಇಲ್ಲಿ ಒಂದೂ ಕೆಲಸಕ್ಕೆ ಬರಲ್ಲ. ನಿಮ್ಮ ಕ್ಯಾಮೇ ತೆಗ್ದ ಒಂದು ಕ್ಲಿಪ್ಪನ್ನ ಮೀಡಿಯಾಇನ್ಫೋ ಅನ್ನೋ ಫ್ರೀ ಟೂಲಲ್ಲಿ ತೆರೆದು, ಅಲ್ಲಿ ಕಾಣೋದನ್ನ ಒಂದು ಚೀಟಿಲಿ ಬರ್ಕಳಿ. ಹೆಚ್ಚಾಗಿ ಸಿಗೋದು ಇದು: ಎವಿಸಿ (ಎಚ್.264ಗೇ ಇನ್ನೊಂದು ಹೆಸರು), ಹೈ ಪ್ರೊಫೈಲ್, ಲೆವೆಲ್ 4.0, 1920 ಬೈ 1080 ಇಲ್ಲ 1440 ಬೈ 1080, 25 ಫ್ರೇಮ್, ಇಂಟರ್‌ಲೇಸ್ಡ್, ಟಾಪ್ ಫೀಲ್ಡ್ ಫಸ್ಟ್, ಆಡಿಯೋ ಎಸಿ-3, 48 ಕಿಲೋಹರ್ಟ್ಜ್, ಎರಡು ಚಾನೆಲ್ ಇಲ್ಲ 5.1. ಮೆನುಲಿ 50ಐ ಅಂತ ಇರೋದು ಮೀಡಿಯಾಇನ್ಫೋಲಿ 25 ಅಂತ ಕಾಣ್ತದೆ, ಗಾಬರಿ ಬೇಡ, ಇಂಟರ್‌ಲೇಸ್ಡಲ್ಲಿ ಫೀಲ್ಡ್ ಅಂದ್ರೆ ಒಂದು ಬಿಟ್ಟು ಒಂದು ಗೆರೆ ಇರೋ ಅರ್ಧ ಚಿತ್ರ, ಎರಡು ಫೀಲ್ಡ್ ಸೇರಿ ಒಂದು ಫ್ರೇಮ್, ಲೆಕ್ಕ ಒಂದೇ. ಆ ಚೀಟಿನೇ ನಿಮ್ಮ ಎಕ್ಸ್‌ಪೋರ್ಟ್ ಸೆಟ್ಟಿಂಗು, ಅದರಲ್ಲಿ ಇಲ್ಲದ್ದು ಯಾವುದೂ ಬೇಡ, ಜಾಸ್ತಿ ಕ್ವಾಲಿಟಿ ಅಂತ ಆಸೆಗೆ ಬಿದ್ದು ಏರ್ಸೋದಂತೂ ಬೇಡವೇ ಬೇಡ.

50 ಮತ್ತೆ 60ರ ಗಲಾಟೆ ನಮ್ಮೂರಲ್ಲಿ ಜಾಸ್ತಿ, ಯಾಕಂದ್ರೆ ಅರ್ಧ ಮನೆಗಳ ಕ್ಯಾಮ್ ಅಮೆರಿಕದಲ್ಲಿರೋ ಮಗನೋ ಅಳಿಯನೋ ತಂದ್ಕೊಟ್ಟಿದ್ದು. ಇಲ್ಲಿ ಮಾರೋದು ಪಾಲ್ (ನಮ್ಮ ದೇಶದ ಟಿವಿ ಪದ್ಧತಿ) ಲೆಕ್ಕದ 50ಐ, ಅಲ್ಲಿಂದ ಬರೋದು 60ಐ. 60ರ ಕ್ಯಾಮ್ 50ರ ಫೈಲನ್ನ ತನ್ನದು ಅಂತ ಒಪ್ಪಲ್ಲ, 50ರ ಕ್ಯಾಮ್ 60ರ ಫೈಲನ್ನೂ ಒಪ್ಪಲ್ಲ. ಹಂಗಾಗಿ ಇಬ್ಬರ ಕ್ಯಾಮಿನ ಕ್ಲಿಪ್ ಸೇರ್ಸಿ ಎಡಿಟ್ ಮಾಡೋರು ಯಾವ ಕ್ಯಾಮಲ್ಲಿ ತೋರ್ಸೋದು ಅನ್ನೋದನ್ನ ಮೊದ್ಲು ತೀರ್ಮಾನ ಮಾಡಿ, ಟೈಮ್‌ಲೈನ್ ಅದರ ಲೆಕ್ಕಕ್ಕೆ ಇಟ್ಕಳಿ. ಇನ್ನೊಂದು, 60ರ ಕ್ಯಾಮಲ್ಲಿ ನಮ್ಮ ಟ್ಯೂಬ್‌ಲೈಟ್ ಕೆಳಗೆ ತೆಗ್ದ ವಿಡಿಯೋ ಮಿಣಮಿಣ ಅನ್ನೋದು ಕ್ಯಾಮ್ ಹಾಳಾಗಿ ಅಲ್ಲ, ನಮ್ಮ ಕರೆಂಟ್ 50 ಹರ್ಟ್ಜ್, ಶಟರ್ 1/60, ಎರಡೂ ಹೊಂದಲ್ಲ. ಶಟರನ್ನ 1/50 ಇಲ್ಲ 1/100 ಮಾಡೋಕೆ ಬಂದ್ರೆ ಮಾಡಿ. ಮೊಬೈಲ್ ಕ್ಲಿಪ್ ಸೇರ್ಸೋರಿಗೆ ಮತ್ತೊಂದು ತಲೆನೋವು, ಮೊಬೈಲಿಂದು 30ರ ಸುಮಾರಿಗೆ ಇರ್ತದೆ, ಅದೂ ಒಂದೇ ಸಮ ಇರಲ್ಲ, ಬೆಳಕು ನೋಡ್ಕಂಡು ಏರಿಳೀತದೆ. ಮೊದ್ಲು ಹ್ಯಾಂಡ್‌ಬ್ರೇಕ್ ಅನ್ನೋ ಫ್ರೀ ಟೂಲಲ್ಲಿ ಕಾನ್‌ಸ್ಟಂಟ್ (ಒಂದೇ ಸಮದ) ಫ್ರೇಮ್‌ರೇಟಿಗೆ ತಂದು ಆಮೇಲೆ ಟೈಮ್‌ಲೈನಿಗೆ ಹಾಕಿ. 30ರಿಂದ 25ಕ್ಕೆ ಬಂದಾಗ ಆರರಲ್ಲಿ ಒಂದು ಫ್ರೇಮ್ ಹೋಗ್ತದೆ, ಕ್ಯಾಮೆರಾ ಪ್ಯಾನ್ ಮಾಡಿದ ಕಡೆ ಸಣ್ಣ ಕುಲುಕು ಕಾಣ್ತದೆ, ಅದಕ್ಕೆ ಮದ್ದಿಲ್ಲ.

ಫೀಲ್ಡ್ ಆರ್ಡರ್ ಬಗ್ಗೆ ಎರಡು ಮಾತು. ಎಚ್‌ಡಿ ಇಂಟರ್‌ಲೇಸ್ಡ್ ಎಲ್ಲ ಮೇಲಿನ ಫೀಲ್ಡ್ ಮೊದ್ಲು. ಹಳೇ ಟೇಪ್ ಕಾಲದ ಡಿವಿ ಫಾರ್ಮ್ಯಾಟು ಕೆಳಗಿನ ಫೀಲ್ಡ್ ಮೊದ್ಲು. ಡಿವಿ ಕಾಲದ ಪ್ರಾಜೆಕ್ಟ್ ಟೆಂಪ್ಲೇಟನ್ನೇ ಎಳ್ಕಂಡು ಬಂದಿರೋ ಸ್ಟುಡಿಯೋಗಳಲ್ಲಿ ಇದು ಉಲ್ಟಾ ಆಗಿರ್ತದೆ, ಕಂಪ್ಯೂಟರ್ ಮಾನಿಟರಲ್ಲಿ ಗೊತ್ತೇ ಆಗಲ್ಲ, ಟಿವಿಲಿ ಹಾಕಿದಾಗ ಯಕ್ಷಗಾನದ ವೇಷ ಗಿರಕಿ ಹೊಡಿಯೋವಾಗ ಹಿಂದೆ ಮುಂದೆ ನಡುಗ್ತದೆ. ಪ್ರೊಗ್ರೆಸಿವ್ ಅಂದ್ರೆ ಫೀಲ್ಡ್ ಇಲ್ಲದ 25ಪಿ ಟೈಮ್‌ಲೈನಲ್ಲಿ ಎಡಿಟ್ ಮಾಡೋ ಅಭ್ಯಾಸ ಇರೋರು ಹಂಗೇ ಮಾಡ್ಬಹುದು, ಎಕ್ಸ್‌ಪೋರ್ಟ್ ಮಾತ್ರ 50ಐ ಅಂತ ಕೊಡಿ, ಇಂಟರ್‌ಲೇಸ್ಡ್ ಡಬ್ಬಿ ಒಳಗೆ ಪೂರ್ತಿ ಫ್ರೇಮ್ ಕೂತಿರ್ತದೆ, ಕ್ಯಾಮಿಗೆ ತಕರಾರಿಲ್ಲ.

ಬಿಟ್‌ರೇಟಲ್ಲಿ ಜನ ಸರಾಸರಿ ನೋಡ್ತಾರೆ, ಕ್ಯಾಮ್ ನೋಡೋದು ಗರಿಷ್ಠ. ಸರಾಸರಿ 17 ಇಟ್ಟು ಮ್ಯಾಕ್ಸಿಮಮ್ 40ಕ್ಕೆ ಬಿಟ್ರೆ ಸುಮ್ನಿದ್ದ ಶಾಟಲ್ಲಿ ಚಂದ ಓಡ್ತದೆ, ಗಲಾಟೆ ಶಾಟ್ ಬಂದ ಕೂಡ್ಲೆ ತಡವರಿಸ್ತದೆ. ನನ್ನ ಅಂಟಿಗೆ ಪಂಟಿಗೆ ವಿಡಿಯೋದಲ್ಲಿ ಗಲಾಟೆ ಶಾಟ್ ಅಂದ್ರೆ ಕತ್ತಲೆ! ದೀಪದ ಬೆಳಕು ಬಿಟ್ರೆ ಬೇರೆ ಇಲ್ಲ, ಕ್ಯಾಮ್ ಗೇನ್ ಏರ್ಸಿರ್ತದೆ, ಕಪ್ಪು ಜಾಗದಲ್ಲೆಲ್ಲ ಕಾಳು ಕಾಳು ನಾಯ್ಸ್, ಪ್ರತಿ ಫ್ರೇಮಲ್ಲೂ ಬೇರೆ ಬೇರೆ ಕಡೆ. ಎನ್‌ಕೋಡರಿಗೆ ಅದು ನಾಯ್ಸ್ ಅಂತ ಗೊತ್ತಾಗಲ್ಲ, ಎಂತದೋ ಓಡಾಡ್ತಿದೆ ಅಂದ್ಕಂಡು ಬಿಟ್ಟೆಲ್ಲ ಅಲ್ಲಿ ಸುರೀತದೆ, ಹಾಡೋರ ಮುಖಕ್ಕೆ ಬಿಟ್ಟೇ ಉಳಿಯಲ್ಲ. ಎಕ್ಸ್‌ಪೋರ್ಟಿಗೆ ಮುಂಚೆ ಸ್ವಲ್ಪ ಡಿನಾಯ್ಸ್ ಹಾಕಿ, ಕಪ್ಪನ್ನ ಒಂಚೂರು ಕೆಳಗೆ ಒತ್ತಿದ್ರೆ ಅದೇ ಬಿಟ್‌ರೇಟಲ್ಲಿ ಮುಖ ಎಷ್ಟೋ ಸ್ಪಷ್ಟ ಬತ್ತದೆ. ಡಿನಾಯ್ಸ್ ಜಾಸ್ತಿ ಆದ್ರೆ ಅಜ್ಜಂದಿರ ಮುಖ ಮೇಣದ ಬೊಂಬೆ ಆಗ್ತದೆ, ಸುಕ್ಕು ಉಳಿಯೋ ಅಷ್ಟಕ್ಕೆ ನಿಲ್ಸಿ. ನಾನು ಮ್ಯಾಕ್ಸಿಮಮ್ ಅನ್ನ ಕ್ಯಾಮಿನ ಟಾಪ್ ಮೋಡ್‌ಗಿಂತ ಸ್ವಲ್ಪ ಕೆಳಗೇ ಇಡ್ತೀನಿ. ಎಕ್ಸ್264 ಅನ್ನೋ ಫ್ರೀ ಎನ್‌ಕೋಡರ್ ಬಳ್ಸೋರಿಗೆ ಬ್ಲೂರೇ ಕಂಪ್ಯಾಟ್ ಅಂತ ಒಂದು ಸ್ವಿಚ್ ಇದೆ, ಅದು ಹಾಕಿ, ವಿಬಿವಿ ಮಿತಿ (ಗರಿಷ್ಠ ಬಿಟ್‌ರೇಟಿಗೆ ಕಡಿವಾಣ) ಕೊಡಿ, ರೆಫರೆನ್ಸ್ ಫ್ರೇಮ್ 4ಕ್ಕಿಂತ ಮೇಲೆ ಬೇಡ, ಲೆವೆಲ್ 4.0ಗೆ ಈ ಸೈಜಲ್ಲಿ ಅಷ್ಟೇ ಜಾಗ ಇರೋದು.

ಸೈಜ್ ಲೆಕ್ಕನೂ ಹೇಳ್ಬಿಡ್ತೀನಿ. 24 ಮೆಗಾಬಿಟ್ ಅಂದ್ರೆ ಸೆಕೆಂಡಿಗೆ 3 ಮೆಗಾಬೈಟ್, ಗಂಟೆಗೆ 10.8 ಜಿಬಿ. 17 ಆದ್ರೆ ಗಂಟೆಗೆ ಏಳೂವರೆ ಜಿಬಿ ಮೇಲೆ. ಕ್ಲಾಸ್ 4 ಕಾರ್ಡು ಸೆಕೆಂಡಿಗೆ 4 ಮೆಗಾಬೈಟ್ ಬರಿಯೋದು, ಹಂಗಾಗಿ ಸ್ಪೀಡ್ ಸಾಕು, ಅಂಗಡಿಯವ ದುಬಾರಿ ಕಾರ್ಡ್ ತಳ್ಳೋಕೆ ನೋಡಿದ್ರೆ ಬೇಡ ಅನ್ನಿ. ಆದ್ರೆ 32 ಜಿಬಿ ತನಕದ ಕಾರ್ಡು ಫ್ಯಾಟ್32, ಅದರಲ್ಲಿ ಒಂದು ಫೈಲು 4 ಜಿಬಿ ದಾಟೋ ಹಂಗಿಲ್ಲ, 17ರ ಲೆಕ್ಕದಲ್ಲಿ ಅದು ಹೆಚ್ಚುಕಮ್ಮಿ ಅರ್ಧ ಗಂಟೆ. ಕ್ಯಾಮ್ ತಾನು ಉದ್ದ ಶೂಟ್ ಮಾಡುವಾಗ ಫೈಲನ್ನ ತುಂಡು ಮಾಡಿ ಪ್ಲೇಲಿಸ್ಟಲ್ಲಿ ಜೋಡ್ಸಿ ಒಂದೇ ಕ್ಲಿಪ್ ತರ ತೋರಿಸ್ತದೆ, ನಾವು ಹಂಗೆ ಜೋಡ್ಸೋಕೆ ಹೋದ್ರೆ ತುಂಡಿನ ಮಧ್ಯೆ ಒಂದು ಕ್ಷಣ ತಡೀತದೆ. ಅದಕ್ಕೆ ನಾನು ಹಾಡಿಗೊಂದು ಕ್ಲಿಪ್ ಮಾಡ್ತೀನಿ. ದೀಪ ಹೊಸಿಲು ದಾಟೋ ಹಾಡು ಒಂದು, ಬಲೀಂದ್ರನ ಹಾಡು ಒಂದು, ಹಿಂಗೆ. ನೋಡೋರಿಗೂ ಅದೇ ಅನುಕೂಲ, ಥಂಬ್‌ನೇಲ್ ನೋಡಿ ಬೇಕಾದ್ದು ಒತ್ತಬಹುದು, 'ನಮ್ಮನೆ ಬಾಗ್ಲಲ್ಲಿ ಹಾಡಿದ್ದು ಹಾಕು' ಅನ್ನೋರೇ ಎಲ್ಲ.

ಸೌಂಡ್. ಅರ್ಧಕ್ಕರ್ಧ ಫೈಲ್ ಫೇಲ್ ಆಗೋದು ಇಲ್ಲೇ. ಎಡಿಟಿಂಗ್ ಸಾಫ್ಟ್‌ವೇರ್‌ಗಳು ಎಚ್.264 ಅಂದ ಕೂಡ್ಲೆ ಆಡಿಯೋನ ಎಎಸಿ ಅನ್ನೋ ಬೇರೆ ಫಾರ್ಮ್ಯಾಟ್ ಮಾಡಿಬಿಡ್ತವೆ, ಕ್ಯಾಮಿಗೆ ಬೇಕಾಗಿರೋದು ಎಸಿ-3. ಡಾಲ್ಬಿ ಪೇಟೆಂಟ್ ಇದ್ದ ಕಾಲದಲ್ಲಿ ಎಸಿ-3 ಎನ್‌ಕೋಡರಿಗೆ ಲೈಸೆನ್ಸ್ ಬೇಕಿತ್ತು, ಹಂಗಾಗಿ ಎಷ್ಟೋ ಸಾಫ್ಟ್‌ವೇರಲ್ಲಿ ಅದು ಬೇರೆ ದುಡ್ಡಿನ ಪ್ಲಗಿನ್ ಆಗಿತ್ತು. ಕೊನೇ ಪೇಟೆಂಟ್ 2017ರ ಮಾರ್ಚಲ್ಲಿ ಮುಗೀತು. ಈಗ ಎಫ್‌ಎಫ್‌ಎಂಪೆಗ್ ಅನ್ನೋ ಫ್ರೀ ಟೂಲ್ ಒಂದಿದ್ರೆ ಪುಕ್ಕಟೆ ಆಗ್ತದೆ, ಎಡಿಟರಿಂದ ವೇವ್ ಫೈಲ್ ತೆಗೆದು ಎಸಿ-3 ಮಾಡಿ, 48 ಕಿಲೋಹರ್ಟ್ಜ್ ಇರ್ಲಿ, 44.1 ಬೇಡ. ಡೈಲಾಗ್ ನಾರ್ಮಲೈಸೇಶನ್ ಅಂತ ಒಂದು ಕಳ್ಳ ಸೆಟ್ಟಿಂಗ್ ಇದೆ, ಕೆಲವು ಎನ್‌ಕೋಡರಲ್ಲಿ ಮೈನಸ್ 27 ಅಂತ ಇರ್ತದೆ, ಅಂದ್ರೆ ಪ್ಲೇ ಆಗುವಾಗ 4 ಡೆಸಿಬಲ್ ಕಮ್ಮಿ. ಮೈನಸ್ 31 ಮಾಡಿದ್ರೆ ಮುಟ್ಟದೆ ಬಿಡ್ತದೆ. ಕಂಪ್ರೆಶನ್ ಪ್ರೊಫೈಲ್ (ಜೋರು ಮೆಲ್ಲಗೆ ಸದ್ದನ್ನ ಒಂದೇ ಸಮ ಮಾಡೋದು) ಇದ್ರೆ ಅದನ್ನೂ 'None' ಅಂತ ಮಾಡಿ, ಇಲ್ಲಾಂದ್ರೆ ಯಕ್ಷಗಾನದಲ್ಲಿ ಚೆಂಡೆ ಪೆಟ್ಟು ಬಿದ್ದಾಗೆಲ್ಲ ಭಾಗವತರ ಸ್ವರ ಒಳಗೆ ಹೋಗಿ ಹೊರಗೆ ಬತ್ತದೆ, ಕೇಳೋಕಾಗಲ್ಲ.

ಇಷ್ಟೆಲ್ಲ ಯಾರಿಗೆ ಬೇಕು ಅನ್ನೋರಿಗೆ ಒಂದು ಸೋಮಾರಿ ದಾರಿ ಇದೆ, ನಿಜ ಹೇಳ್ಬೇಕಂದ್ರೆ ಒಳ್ಳೇ ದಾರಿನೂ ಅದೇ. ಬರೀ ಬೇಡದ್ದು ಕತ್ತರ್ಸೋದಿದ್ರೆ ರೀ-ಎನ್‌ಕೋಡ್ (ವಿಡಿಯೋನ ಪೂರ್ತಿ ಹೊಸದಾಗಿ ಕುಗ್ಗಿಸೋದು) ಮಾಡ್ಲೇಬೇಡಿ. ಸ್ಮಾರ್ಟ್ ರೆಂಡರ್ ಅನ್ನೋ ಸೌಲಭ್ಯ ಇರೋ ಸಾಫ್ಟ್‌ವೇರ್ ಕತ್ತರ್ಸಿದ ಜಾಗದ ಕೆಲವು ಫ್ರೇಮ್ ಮಾತ್ರ ಹೊಸದಾಗಿ ಮಾಡಿ ಉಳಿದದ್ದನ್ನ ಕ್ಯಾಮ್ ಬರೆದ ಹಂಗೇ ದಾಟಿಸ್ತದೆ. ಕ್ವಾಲಿಟಿ ಹೋಗಲ್ಲ, ಟೈಮ್ ಉಳೀತದೆ, ಕ್ಯಾಮಿಗೂ ಅದು ಸ್ವಂತ ಮಗುನೇ. ಇನ್ನೊಂದು ಲಾಭ, ಶೂಟ್ ಆದ ತಾರೀಖು ಟೈಮು ಎಲ್ಲ ವಿಡಿಯೋ ಸ್ಟ್ರೀಮ್ ಒಳಗೇ ಅಡಗಿರ್ತದೆ, ಪೂರ್ತಿ ರೆಂಡರ್ ಮಾಡಿದ್ರೆ ಅದು ಅಳ್ಸೋಗಿ ಕ್ಯಾಮಲ್ಲಿ ತಾರೀಖಿನ ಜಾಗದಲ್ಲಿ ಗೆರೆ ಬತ್ತದೆ, ಇದರಲ್ಲಿ ಉಳೀತದೆ. ಯಾವ ವರ್ಷದ ದೀಪಾವಳಿ ಇದು ಅಂತ ಹಳೇ ತಂಡದವರು ಕೇಳಿದಾಗ ಬೇಕಾಗ್ತದೆ. ಡಿಸಾಲ್ವ್, ಕಲರ್, ಟೈಟಲ್ ಎಲ್ಲ ಬೇಕು ಅನ್ನೋರಿಗೆ ಈ ದಾರಿ ಇಲ್ಲ.

ಟೈಟಲ್ ಅಂದಾಗ ನೆನಪಾಯ್ತು, ಕನ್ನಡ ಟೈಟಲ್. ಇಂಟರ್‌ಲೇಸ್ಡಲ್ಲಿ ತೆಳು ಅಡ್ಡಗೆರೆ ಒಂದೇ ಫೀಲ್ಡಲ್ಲಿ ಕೂತ್ರೆ ಸೆಕೆಂಡಿಗೆ 25 ಸಲ ಮಿಣುಕ್ತದೆ. ಇಂಗ್ಲಿಷ್ ದಪ್ಪ ಅಕ್ಷರ ಹೆಂಗೋ ಬಚಾವ್, ನಮ್ಮ ಒತ್ತಕ್ಷರ ಸಣ್ಣದಾಗಿ ಕೆಳಗೆ ಕೂತಿರ್ತದಲ್ಲ, ಅದು ಪೂರ್ತಿ ನಡುಗ್ತದೆ, 'ತೀರ್ಥಹಳ್ಳಿ' ಅಂತ ಹಾಕಿದ್ರೆ ಅರ್ಕಾವತ್ತು ಒಂದು ಕಡೆ ಒತ್ತು ಒಂದು ಕಡೆ ಕುಣೀತವೆ. ದಪ್ಪ ಫಾಂಟ್ ಹಾಕಿ, ದೊಡ್ಡದು ಹಾಕಿ, ಲಂಬವಾಗಿ ಒಂಚೂರು ಬ್ಲರ್ ಕೊಡಿ, ಆಂಟಿ-ಫ್ಲಿಕರ್ ಅನ್ನೋ ಫಿಲ್ಟರ್ ಇದ್ರೆ ಅದೇ ಮಾಡ್ತದೆ. ಕ್ಯಾಮಿನ ಸ್ಕ್ರೀನ್ ಹೆಚ್ಚಾಗಿ ಮೂರಿಂಚಿನ ಆಸುಪಾಸು, ಕೆಳಗಡೆ ಉದ್ದಕ್ಕೆ ಹೆಸರಿನ ಪಟ್ಟಿ ಓಡ್ಸಿದ್ರೆ ಯಾರಿಗೂ ಓದೋಕಾಗಲ್ಲ. ಯುನಿಕೋಡ್ ಅಕ್ಷರ ಒಡ್ಕಂಡು ಬರೋ ಹಳೇ ಎಡಿಟರ್ ಇದ್ರೆ ನುಡಿ ಫಾಂಟೇ ಗತಿ, ಇಲ್ಲ ಟೈಟಲನ್ನ ಬೇರೆ ಕಡೆ ಚಿತ್ರವಾಗಿ ಮಾಡಿ ಪಿಎನ್‌ಜಿ ಇಟ್ರೆ ಚಿಂತೆ ಇಲ್ಲ, ನಾನು ಅದೇ ಮಾಡೋದು.

ಟೇಪಿನ ಎಚ್‌ಡಿವಿ ಕ್ಯಾಮ್ ಇನ್ನೂ ಇಟ್ಕಂಡಿರೋರು ಇದ್ದೀರಿ ಅಂತ ಗೊತ್ತು, ಮದುವೆ ಸ್ಟುಡಿಯೋದವರ ಅಟ್ಟದಲ್ಲಿ ಒಂದೊಂದು ಇದ್ದೇ ಇರ್ತದೆ. 2003ರಲ್ಲಿ ಬಂದ ಫಾರ್ಮ್ಯಾಟು, ಅದೇ ಮಿನಿ ಡಿವಿ ಟೇಪಿನ ಮೇಲೆ ಎಂಪೆಗ್-2 ಎಚ್‌ಡಿ, 1440 ಬೈ 1080, ಸೆಕೆಂಡಿಗೆ 25 ಮೆಗಾಬಿಟ್. ಎಡಿಟ್ ಮಾಡಿದ್ದನ್ನ ವಾಪಸ್ ಹಾಕೋ ವಿಷ್ಯದಲ್ಲಿ ಇದೇ ಸುಲಭ ಇತ್ತು, ಪಟ್ಟಿ ಇಲ್ಲ ಪ್ಲೇಲಿಸ್ಟಿಲ್ಲ, ಕ್ಯಾಮನ್ನ ವಿಸಿಆರ್ ಮೋಡಿಗೆ ಹಾಕಿ, ಐಲಿಂಕ್ (ಫೈರ್‌ವೈರ್ ಪೋರ್ಟಿಗೆ ಸೋನಿ ಇಟ್ಟ ಹೆಸರು) ಸೆಟ್ಟಿಂಗನ್ನ ಎಚ್‌ಡಿವಿಗೆ ಇಟ್ಟು, ಎಡಿಟರಲ್ಲಿ ಪ್ರಿಂಟ್ ಟು ಟೇಪ್ ಒತ್ತಿದ್ರೆ ಗಂಟೆ ವಿಡಿಯೋಗೆ ಗಂಟೆ ಕಾಯ್ಬೇಕು ಅಷ್ಟೇ. ತೊಂದ್ರೆ ಬೇರೆ ಎರಡು. ಒಂದು, ಹೊಸ ಲ್ಯಾಪ್‌ಟಾಪಲ್ಲಿ ಫೈರ್‌ವೈರ್ ಪೋರ್ಟೇ ಇಲ್ಲ. ಇನ್ನೊಂದು, ಯುರೋಪಿಂದ ಬಂದ ಕ್ಯಾಮಾದ್ರೆ ಒಳಗೆ ಬರೋ ದಾರಿನೇ ಮುಚ್ಚಿರಬಹುದು, ಅಲ್ಲಿ ಡಿವಿ-ಇನ್ ಇರೋ ಕ್ಯಾಮನ್ನ ವಿಡಿಯೋ ರೆಕಾರ್ಡರ್ ಅಂತ ಲೆಕ್ಕ ಹಾಕಿ ಜಾಸ್ತಿ ಸುಂಕ ಹಾಕ್ತಿದ್ರು, ಅದನ್ನ ತಪ್ಪಿಸ್ಕಳೋಕೆ ಕಂಪನಿಗಳು ಎಷ್ಟೋ ಮಾಡೆಲಲ್ಲಿ ಅದನ್ನ ಬಂದ್ ಮಾಡಿ ಮಾರ್ತಿದ್ರು. ನಮ್ಮ ಹವೆ ಇನ್ನೊಂದು. ಆಗುಂಬೆ ಕಡೆ ವರ್ಷಕ್ಕೆ 7000 ಮಿ.ಮೀ. ಮೇಲೆ ಮಳೆ ಬೀಳೋ ಜಾಗದಲ್ಲಿ ಟೇಪ್ ಕ್ಯಾಮ್ ಆಷಾಢದಲ್ಲಿ ಆನ್ ಮಾಡಿದ್ರೆ ತೇವದ ಎಚ್ಚರಿಕೆ ಕೊಟ್ಟು ಸುಮ್ನೆ ಕೂರ್ತದೆ, ಒಣಗೋ ತನಕ ಟೇಪ್ ಓಡ್ಸಲ್ಲ. ಅದು ಒಳ್ಳೇದಕ್ಕೇ, ಒದ್ದೆ ಡ್ರಮ್ಮಿಗೆ ಟೇಪ್ ಅಂಟ್ಕಂಡ್ರೆ ಎರಡೂ ಹೋಯ್ತು. ಬೂಷ್ಟು ಹಿಡಿದ ಟೇಪನ್ನಂತೂ ಕ್ಯಾಮಿಗೆ ಹಾಕ್ಲೇಬೇಡಿ, ಹೆಡ್ಡಿಗೆ ಹತ್ತಿ ಮುಂದಿನ ಟೇಪಿಗೂ ದಾಟ್ತದೆ. ಟೇಪ್ ಇರೋರು ತಿರುಗಿ ಬರಿಯೋ ಆಸೆ ಬಿಟ್ಟು, ಇರೋದನ್ನ ಕಂಪ್ಯೂಟರಿಗೆ ಇಳಿಸ್ಕಳೋ ಕೆಲಸ ಬೇಗ ಮಾಡಿ.

ಹೊಸ ಕ್ಯಾಮ್‌ಗಳಲ್ಲಿ ಎವಿಸಿಎಚ್‌ಡಿ ಜೊತೆ ಎಂಪಿ4 ಮೋಡೂ ಇರ್ತದೆ. ಅದಕ್ಕೆ ಬ್ಲೂ-ರೇ ತರದ ಪಟ್ಟಿ ರಗಳೆ ಇಲ್ಲ, ಹಂಗಾಗಿ ಅದರ ಫೋಲ್ಡರಲ್ಲಿ ಕ್ಯಾಮ್ ಇಡೋ ನಮೂನೆ ಹೆಸರು ಕೊಟ್ಟು, ಅದೇ ಸೈಜು ಅದೇ ಫ್ರೇಮ್‌ರೇಟಲ್ಲಿ ಎಎಸಿ ಸೌಂಡ್ ಜೊತೆ ಮಾಡಿಟ್ರೆ ಕೆಲವು ಕ್ಯಾಮ್ ಒಪ್ಕಳ್ತವೆ. ಆ ಮೋಡ್ ಬರೀ 720 ಇದ್ರೆ 720ಕ್ಕೇ ಇಳಿಸ್ಬೇಕು. ಹಳ್ಳಿ ಮನೆ 32 ಇಂಚಿನ ಟಿವಿಲಿ ಯಾರೂ ಗುರುತು ಹಿಡಿಯಲ್ಲ ಬಿಡಿ, ಟಿವಿ ಪ್ಯಾನೆಲ್ಲೇ ಹೆಚ್ಚಾಗಿ ಅಷ್ಟೇ ಇರ್ತದೆ.

ಯಾವ ದಾರಿ ಹಿಡಿದ್ರೂ ಪೂರ್ತಿ ವಿಡಿಯೋ ರೆಂಡರಿಗೆ ಹಾಕೋ ಮುಂಚೆ ಅರ್ಧ ನಿಮಿಷದ ಒಂದು ತುಂಡು ಮಾಡಿ ಪರೀಕ್ಷೆ ಮಾಡಿ. ಅದರಲ್ಲಿ ಒಂದು ಟೈಟಲ್, ಒಂದು ಕತ್ತಲೆ ಶಾಟ್, ಒಂದು ಜೋರು ಓಡಾಟ, ಒಂದು ದೊಡ್ಡ ಸದ್ದು ಇರ್ಲಿ. ಬೇರೆ ಕಾರ್ಡ್ ತಗಂಡು, ಕ್ಯಾಮಲ್ಲೇ ಫಾರ್ಮ್ಯಾಟ್ ಮಾಡಿ, ಕ್ಯಾಮಿಂದಲೇ ಐದು ಸೆಕೆಂಡಿನ ಏನಾದ್ರೂ ಶೂಟ್ ಮಾಡಿ ಫೋಲ್ಡರ್‌ಗಳು ಹುಟ್ಟೋ ಹಂಗೆ ಮಾಡ್ಕಂಡು, ಆಮೇಲೆ ಬರೀರಿ. ಪ್ಲೇ ಆದ್ರೆ ಸಾಲದು, ಫಾರ್ವರ್ಡ್ ರಿವೈಂಡ್ ಮಾಡಿ ನೋಡಿ, ಕ್ಲಿಪ್ ಮಾಹಿತಿ ಫೈಲ್ ತಪ್ಪಿದ್ರೆ ಪ್ಲೇ ಚಂದ ಆಗ್ತದೆ, ಫಾರ್ವರ್ಡ್ ಒತ್ತಿದಾಗ ಸಿಕ್ಕಿಹಾಕ್ಕಳ್ತದೆ. ಮನೆ ಟಿವಿಲಿ ಒಂದ್ಸಲ ಹಾಕಿ, ಡಿಸ್‌ಪ್ಲೇ ಬಟನ್ ಒತ್ತಿ ಬ್ಯಾಟರಿ ಚಿತ್ರ ಟೈಮು ಎಲ್ಲ ಮರೆ ಮಾಡಿ, ಕಾರ್ಡಿನ ಪಕ್ಕದ ಲಾಕನ್ನ ಎಳೆದುಬಿಡಿ, ಕೈಗೆ ಸಿಕ್ಕ ಮಕ್ಕಳು ಡಿಲೀಟ್ ಒತ್ತಿದ್ರೂ ಏನೂ ಆಗಲ್ಲ. ಕ್ಯಾಮಲ್ಲಿರೋದು ಮಿನಿ ಇಲ್ಲ ಮೈಕ್ರೋ ಎಚ್‌ಡಿಎಂಐ ತೂತು, ಆ ವಯರ್ ಹಳ್ಳಿ ಅಂಗಡಿಲಿ ಸಿಗಲ್ಲ, ಶಿವಮೊಗ್ಗದಿಂದ ಹೊರಡೋ ಮುಂಚೆನೇ ಒಂದು ತಗಂಡು ಚಾರ್ಜರ್ ಜೊತೆ ಬ್ಯಾಗಿಗೆ ಹಾಕಿಡಿ.